ಮೆದಿಚಿ ಗುರಾಣಿ: ಎಣಿಸುವ ಮೊದಲು ದೀಪ ಹಿಡಿಯಿರಿ

ಇಟಲಿಯ ಫ್ಲಾರೆನ್ಸಿನ ಹಳೆಯ ಬೀದಿಗಳಲ್ಲಿ ತಲೆ ಎತ್ತಿ ನಡೆದರೆ, ಕಟ್ಟಡಗಳ ಮೂಲೆಯಲ್ಲಿ, ಬಾಗಿಲ ಕಮಾನಿನ ಮೇಲೆ ಗುಂಡು ಗುಂಡಾದ ಉಬ್ಬುಗಳಿರುವ ಕಲ್ಲಿನ ಗುರಾಣಿ ಮತ್ತೆ ಮತ್ತೆ ಕಾಣುತ್ತದೆ. ಅದು ಆ ಊರನ್ನು ಬಹುಕಾಲ ಆಳಿದ ಮೆದಿಚಿ ಮನೆತನದ ಲಾಂಛನ. ಹೊನ್ನಿನ ನೆಲದ ಮೇಲೆ ಕೆಂಪು ಗುಂಡುಗಳು. ಬಣ್ಣ ಹೋಗಿ ಬರಿ ಕಲ್ಲು ಉಳಿದಿರುವುದೇ ಹೆಚ್ಚು.

ಗುಂಡುಗಳನ್ನು ಎಣಿಸಿ ಕಾಲ ಹೇಳುವವರುಂಟು. ನಂಬಬೇಡಿ. ಹದಿನೈದನೇ ಶತಮಾನದಲ್ಲಿ ಏಳೂ ಇದ್ದವು, ಎಂಟೂ ಇದ್ದವು; ಆರು ರೂಢಿಯಾದದ್ದು ಆಮೇಲೆ. ಮೇಲ್ತುದಿಯ ಗುಂಡೇ ಗಟ್ಟಿ ಸಾಕ್ಷಿ. ಅದರ ಮೇಲೆ ಮೂರು ಲಿಲಿ ಹೂಗಳಿದ್ದರೆ ಗುರಾಣಿ 1465ಕ್ಕಿಂತ ಹಿಂದಿನದಲ್ಲ. ಫ್ರಾನ್ಸಿನ ಹನ್ನೊಂದನೇ ಲೂಯಿ ಪಿಯೆರೊ ಮೆದಿಚಿಗೆ ಆ ಗೌರವ ಕೊಟ್ಟದ್ದು ಆ ವರ್ಷ. ಮಹಾಡ್ಯೂಕ್‌ನ ಕಿರೀಟವಿದ್ದರೆ 1569 ಅಥವಾ ಅದರಾಚೆ, ಮನೆತನಕ್ಕೆ ಆ ಪದವಿ ಸಿಕ್ಕಿದ ಮೇಲಿನದು. ಮೂರು ಸುತ್ತಿನ ಕಿರೀಟ, ಕತ್ತರಿಯಂತೆ ಇಟ್ಟ ಎರಡು ಬೀಗದಕೈ ಕಂಡರೆ ಮೆದಿಚಿ ಹೆಸರಿನ ಪೋಪ್ ಒಬ್ಬನದು. ಹತ್ತನೇ ಲಿಯೋ (1513–21) ಅಥವಾ ಏಳನೇ ಕ್ಲೆಮೆಂಟ್ (1523–34) ಎಂದು ಬರೆದು ಮುಗಿಸುವವರು ಎಡವುವುದು ಇಲ್ಲೇ. ನಾಲ್ಕನೇ ಪಿಯುಸ್ (1559–65) ಮಿಲಾನಿನ ಬೇರೆಯೇ ಮೆದಿಚಿ ಕುಟುಂಬದವನು, ಆದರೂ ಇದೇ ಲಾಂಛನ ಬಳಸಿದ. 1605ರ ಹನ್ನೊಂದನೇ ಲಿಯೋ ಗದ್ದುಗೆಯಲ್ಲಿ ಒಂದು ತಿಂಗಳೂ ತುಂಬಿಸಲಿಲ್ಲ. ಅವನ ಗುರಾಣಿ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಿ.

ಇಷ್ಟೆಲ್ಲ ಗೊತ್ತಾದರೂ ಅದು ಗುರಾಣಿಯ ಕಾಲ, ಗೋಡೆಯದಲ್ಲ. ಮನೆ ಕೊಂಡವರು ಹಳೆಯ ಗೋಡೆಗೆ ಹೊಸ ಗುರಾಣಿ ಕೂರಿಸುತ್ತಿದ್ದರು.

1494ರಲ್ಲಿ, ಮತ್ತೆ 1527ರಲ್ಲಿ ಮೆದಿಚಿಗಳನ್ನು ಊರಿನಿಂದ ಓಡಿಸಿದಾಗ ಅವರ ಲಾಂಛನಗಳನ್ನು ಕೆತ್ತಿ ಅಳಿಸಿದರು. ಹಾಗಾಗಿ ಬೋಳು ಗುರಾಣಿ ಕಂಡರೆ ಖಾಲಿ ಎನ್ನಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಬಹುತೇಕ ತಾಗಿಸಿ, ನಾಲ್ಕೂ ಕಡೆಯಿಂದ ಓರೆ ಬೆಳಕು ಬಿಟ್ಟು ಒಂದೊಂದು ಫೋಟೊ ತೆಗೆಯಿರಿ. ಗುಂಡು ಕಿತ್ತ ಜಾಗದಲ್ಲಿ ದುಂಡನೆಯ ಒರಟು ಗುರುತು ನೆರಳಿನಲ್ಲಿ ಎದ್ದು ಬರಬಹುದು. ಗೆರೆಗಳ ವಿಷಯದಲ್ಲಿ ಮಾತ್ರ ಎಚ್ಚರ. ಬಣ್ಣವಿಲ್ಲದ ಕಡೆ ಬಣ್ಣ ಸೂಚಿಸುವ, ಅಡ್ಡಗೆರೆ ನೀಲಿ, ಉದ್ದಗೆರೆ ಕೆಂಪು, ಚುಕ್ಕಿ ಹೊನ್ನು ಎಂಬ ಸಂಕೇತವನ್ನು ಪೆಟ್ರಾ ಸಾಂಕ್ತಾ ಎಂಬ ಜೆಸುಯಿಟ್ ಪಾದ್ರಿ ತನ್ನ 1638ರ ಪುಸ್ತಕದಲ್ಲಿ ಬಳಸಿದ ಮೇಲೆಯೇ ಅದು ಎಲ್ಲೆಡೆ ಹರಡಿದ್ದು. 1470ರ ಗುರಾಣಿಯ ಮೇಲಿನ ಅಡ್ಡಗೆರೆ ಬರಿ ಉಳಿಯ ಗುರುತು. ಎಡಬಲವೂ ತಿರುಗುಮುರುಗು: ಗುರಾಣಿಯ ಬಲ ಎಂದರೆ ಹಿಡಿದವನ ಬಲ, ನೋಡುವವರಿಗೆ ಎಡ.

ಇನ್ನು ಕಲ್ಲು. ಬೂದು ಬಣ್ಣದ ‘ಪಿಯೆತ್ರಾ ಸೆರೇನಾ’ ನಯವಾಗಿ ಕೆತ್ತನೆಗೆ ಒಗ್ಗುತ್ತದೆ, ಮಳೆಗೆ ತಡೆಯುವುದಿಲ್ಲ. ಅದರಲ್ಲಿ ಜೇಡಿಯ ಅಂಶವಿದೆ. ನೆನೆದು ಉಬ್ಬಿ, ಒಣಗಿ ಕುಗ್ಗಿ, ಕೊನೆಗೆ ಹಪ್ಪಳದಂತೆ ಪದರ ಬಿಡುತ್ತದೆ. ಕಂದು ಛಾಯೆಯ ‘ಪಿಯೆತ್ರಾಫೋರ್ತೆ’ ಹೆಚ್ಚು ಗಟ್ಟಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದಲ್ಲೆಲ್ಲ ನಕ್ಷೆಯಲ್ಲಿ ಗುರುತು ಹಾಕಿ. ಸಡಿಲ ಪದರವನ್ನು ಮೊದಲು ಕೂಡಿಸಬೇಕು, ತೊಳೆಯುವುದು ಆಮೇಲೆ. ಈ ಕ್ರಮ ತಪ್ಪಿದರೆ ಕಪ್ಪು ಕೊಳೆಯ ಜೊತೆಗೇ ಲಿಲಿ ಹೂವೂ ಉದುರುತ್ತದೆ. ತಂತಿ ಬ್ರಷ್ ಹತ್ತಿರ ತರಬೇಡಿ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ನೀರು ಹೊರಬರಲು ದಾರಿಯಿಲ್ಲದೆ, ಉಪ್ಪು ಪಕ್ಕದ ಕಲ್ಲನ್ನೇ ತಿನ್ನುತ್ತದೆ. ಸುಣ್ಣದ ಗಾರೆಯೇ ಸರಿ. ಅಂಚಿನಲ್ಲಿ ಕೆಂಗಂದು ಕಲೆಯೂ ಬಿರುಕೂ ಒಟ್ಟಿಗೆ ಇದ್ದರೆ ಒಳಗಿನ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಊದಿರಬಹುದು. ಹಾಗಿದ್ದಾಗ ಮೇಲೆ ಗಾರೆ ತುಂಬಿ ಪ್ರಯೋಜನವಿಲ್ಲ, ಗುರಾಣಿಗೆ ಕೆಳಗಿನಿಂದ ಆಧಾರ ಕೊಟ್ಟು ಕೊಂಡಿಯನ್ನೇ ಬದಲಿಸಬೇಕು.