ಅಮೆರಿಕದ ಕಾಲೇಜಿನಲ್ಲಿ ಮಹಿಳಾ ಸಾಕರ್ ಕೋಚ್ ಆಗಲು ತಾರಾ ಆಟಗಾರ್ತಿಯೇ ಆಗಿರಬೇಕೇ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಂದು ಸಣ್ಣ ಕಾಲೇಜಿನ ತಂಡದಲ್ಲಿ ಸಾಕರ್ ಆಡುತ್ತಾಳೆ. ಓದು ಮುಗಿದ ಮೇಲೆ ಕೋಚ್ ಆಗುತ್ತೇನೆ ಎನ್ನುತ್ತಾಳೆ. ದೊಡ್ಡ ತಂಡಗಳಲ್ಲಿ ಆಡದವರಿಗೆ ಅಲ್ಲಿ ದಾರಿ ಇದೆಯೇ?

ಉತ್ತರ: ಇದೆ. ಫ್ಲೋರಿಡಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಆಗಿದ್ದ ಬೆಕಿ ಬರ್ಲಿ ಅವರನ್ನೇ ನೋಡಿ. ಅವರು ಆಡಿದ್ದು ಉತ್ತರ ಕ್ಯಾರೊಲಿನಾದ ಮೆಥಡಿಸ್ಟ್ ಎಂಬ ಪುಟ್ಟ ಕಾಲೇಜಿಗೆ. 1989ರಲ್ಲಿ ಪದವಿ ಮುಗಿಸಿದ ಬೆನ್ನಿಗೇ ಜಾರ್ಜಿಯಾದ ಬೆರಿ ಕಾಲೇಜಿನಲ್ಲಿ ಮುಖ್ಯ ಕೋಚ್ ಆದರು. ಆಡುವ ಹುಡುಗಿಯರಿಗೂ ಅವರಿಗೂ ವಯಸ್ಸಿನ ಅಂತರ ಅಷ್ಟಕ್ಕಷ್ಟೇ. 1990 ಮತ್ತು 1993ರಲ್ಲಿ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಆಗ ಹೊಸ ತಂಡ ಕಟ್ಟಲು ಹೊರಟಿದ್ದ ಫ್ಲೋರಿಡಾ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಆ ತಂಡ ಕಣಕ್ಕಿಳಿದದ್ದು 1995ರಲ್ಲಿ. 1998ರ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಅದು ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯವನ್ನು 1–0ರಿಂದ ಸೋಲಿಸಿತು. ಹಾಗೆ ಸೋತದ್ದು ಅದುವರೆಗಿನ 16 ರಾಷ್ಟ್ರೀಯ ಟೂರ್ನಿಗಳಲ್ಲಿ 14ನ್ನು ಗೆದ್ದಿದ್ದ ತಂಡ!

(ಉತ್ತರ ಕ್ಯಾರೊಲಿನಾ ತಂಡದ ಆಗಿನ ಕೋಚ್ ಆನ್ಸನ್ ಡೊರಾನ್ಸ್ ಹುಟ್ಟಿದ್ದು ನಮ್ಮ ಮುಂಬೈಯಲ್ಲಿ, 1951ರಲ್ಲಿ. ಕಾನೂನು ಓದುತ್ತಿದ್ದವರು ಅದನ್ನು ಬಿಟ್ಟು ಮೈದಾನದಲ್ಲೇ ಉಳಿದರು.)

ಫ್ಲೋರಿಡಾದಂತಹ ಕಡೆ ಹೊಸ ತಂಡಗಳು ಹುಟ್ಟಿದ್ದರ ಹಿಂದೆ 1972ರ ‘ಟೈಟಲ್ ನೈನ್’ ಕಾನೂನಿದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು–ಗಂಡೆಂಬ ಭೇದ ಮಾಡುವಂತಿಲ್ಲ ಎಂದಿತು ಅದು. ಹಾಗಾಗಿ ಕ್ರೀಡೆಯಲ್ಲೂ ಹುಡುಗಿಯರಿಗೆ ಅವಕಾಶ ಕೊಡಬೇಕಾಯಿತು. ಒಂದೇ ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರಿಗೆ ಜಾಗ ಕೊಡುವ ಸಾಕರ್ ಆಟ ಕಾಲೇಜುಗಳಿಗೆ ಒಗ್ಗಿತು. ಆದರೆ ನನಗೆ ನೋವಾಗುವ ಸಂಗತಿಯೊಂದಿದೆ. 1972ರಲ್ಲಿ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಇದ್ದರು. ಸಂಬಳ, ಗೌರವ ಏರಿದಂತೆ ಗಂಡಸರು ಬಂದರು. ಈಗ ಮಹಿಳೆಯರ ಪಾಲು ಅರ್ಧಕ್ಕಿಂತ ಕಡಿಮೆ. ನಿಮ್ಮ ಮಗಳಂಥವರು ಈ ಕೆಲಸಕ್ಕೆ ಬರಲೇಬೇಕು.

ಬರ್ಲಿ ಅವರಂತೆ ನೇರವಾಗಿ ಮುಖ್ಯ ಕೋಚ್ ಆಗುವುದು ಅಪರೂಪ. ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಓದುತ್ತಲೇ ತಂಡಕ್ಕೆ ದುಡಿಯುವ ‘ಗ್ರಾಜುಯೇಟ್ ಅಸಿಸ್ಟೆಂಟ್’ ಹುದ್ದೆಯಿಂದ ಆರಂಭ: ಶುಲ್ಕ ವಿನಾಯಿತಿ, ಜೊತೆಗೆ ಅಲ್ಪ ಭತ್ಯೆ. ಬೆಳಿಗ್ಗೆ ಅಭ್ಯಾಸಕ್ಕೆ ಗುರುತಾಗಿ ಇಡುವ ಕೋನ್‌ಗಳನ್ನು ಮೈದಾನದಲ್ಲಿ ಜೋಡಿಸಬೇಕು, ರಾತ್ರಿ ಪಂದ್ಯದ ವಿಡಿಯೊ ಕತ್ತರಿಸಿ ಕೂಡಿಸಬೇಕು. ಆಮೇಲೆ ಸಹಾಯಕ ಕೋಚ್. ಆಗ ವಾರಾಂತ್ಯವೆಲ್ಲ ಶಾಲಾ ಹುಡುಗಿಯರು ಆಡುವ ಕ್ಲಬ್ ಟೂರ್ನಿಗಳ ಮೈದಾನದ ಅಂಚಿನಲ್ಲಿ, ಮಡಚುವ ಕುರ್ಚಿಯ ಮೇಲೆ, ಮಡಿಲಲ್ಲಿ ಆಟಗಾರ್ತಿಯರ ಪಟ್ಟಿ ಇಟ್ಟುಕೊಂಡು ಕಳೆಯುತ್ತದೆ. ಚೆಂಡು ಕಳೆದುಕೊಂಡ ಹುಡುಗಿ ಮರುಕ್ಷಣ ಏನು ಮಾಡುತ್ತಾಳೆ ಎಂಬುದನ್ನು ನೋಡಿ ಗುರುತು ಹಾಕಬೇಕು. ಒಳ್ಳೆಯ ಆಟಗಾರ್ತಿಯರನ್ನು ಹುಡುಕಿ ಕರೆತರುವುದೇ ಈ ವೃತ್ತಿಯ ಅರ್ಧ ಭಾಗ.

ದೊಡ್ಡ ವಿಶ್ವವಿದ್ಯಾಲಯದ ಸಹಾಯಕ ಹುದ್ದೆ, ಸಣ್ಣ ಕಾಲೇಜಿನ ಮುಖ್ಯ ಹುದ್ದೆ ಎರಡೂ ಎದುರಿಗಿದ್ದರೆ ನಾನು ಎರಡನೆಯದನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಅಲ್ಲಿ ತೀರ್ಮಾನವೂ ಸೋಲೂ ಅವಳದೇ ಆಗಿರುತ್ತವೆ. ಅದಕ್ಕೆ ಮೊದಲು ಅಮೆರಿಕದ ಸಾಕರ್ ಒಕ್ಕೂಟ ಕೋಚ್‌ಗಳಿಗೆ ಕೊಡುವ ‘ಡಿ’ ಲೈಸೆನ್ಸ್‌ನ ತರಬೇತಿಗೆ ಸೇರಲಿ. ಅದಕ್ಕೆ ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ.