ಮರ ಸುಡುವ ಪೆನ್: ವ್ಯಾಟ್ ನೋಡಿ ಕೊಳ್ಳಬೇಡಿ, ಕಾವಿನ ನಿಲುವು ನೋಡಿ

ಪೈರೋಗ್ರಫಿ, ಅಂದರೆ ಕಾದ ಪೆನ್ನಿನಿಂದ ಮರವನ್ನು ಸುಟ್ಟು ಚಿತ್ರ ಬರೆಯುವ ಕಲೆ, ಕಲಿಯಲು ಬರುವವರಲ್ಲಿ ಹೆಚ್ಚಿನವರು ಒಂದು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಅದರೊಳಗೆ ಸೋಲ್ಡರಿಂಗ್ ಐರನ್ನನ್ನು ಹೋಲುವ ಒಂದು ಪೆನ್, ಮೂವತ್ತು ನಲವತ್ತು ಹಿತ್ತಾಳೆಯ ಟಿಪ್‌ಗಳು, ಅಕ್ಷರಗಳ ಅಚ್ಚು, ಬಣ್ಣದ ಪೆನ್ಸಿಲ್‌ಗಳು ಮತ್ತು ತಂತಿ ಬಾಗಿಸಿ ಮಾಡಿದ ಒಂದು ಸ್ಟ್ಯಾಂಡ್ ಇರುತ್ತವೆ. ಮುಚ್ಚಳದ ಮೇಲೆ 60 ವ್ಯಾಟ್ ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಕೊಂಡವರು ನೋಡಿರುವುದು ಟಿಪ್‌ಗಳ ಸಂಖ್ಯೆಯನ್ನು ಮತ್ತು ಈ ವ್ಯಾಟ್ ಅನ್ನು ಮಾತ್ರ. ಪೆನ್ನಿನ ಗುಣ ಇವೆರಡರಲ್ಲಿಯೂ ಇಲ್ಲ. ಟಿಪ್ ಮರಕ್ಕೆ ತಾಗಿದ ಕ್ಷಣದಿಂದಲೇ ಕಾವನ್ನು ಕಳೆದುಕೊಳ್ಳತೊಡಗುತ್ತದೆ. ಹಾಗೆ ಕಳೆದುಕೊಂಡದ್ದನ್ನು ಅದು ಎಷ್ಟು ಬೇಗ ತುಂಬಿಕೊಳ್ಳುತ್ತದೆ, ಗೆರೆಯ ಮೊದಲಿನಿಂದ ಕೊನೆಯವರೆಗೆ ಎಷ್ಟು ಸಮನಾಗಿ ಕಾಯ್ದುಕೊಳ್ಳುತ್ತದೆ ಎಂಬುದರ ಮೇಲೆ ಗೆರೆಯ ಬಣ್ಣ ನಿಂತಿದೆ.

ಇದಕ್ಕೆ ಕಾರಣ ಮರದಲ್ಲಿಯೇ ಇದೆ. ಮರದ ಹೆಮಿಸೆಲ್ಯುಲೋಸ್ ಅಂಶ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಿಂದ ಒಡೆಯತೊಡಗುತ್ತದೆ, ಸೆಲ್ಯುಲೋಸ್ 315 ಡಿಗ್ರಿಯ ಆಸುಪಾಸಿನಿಂದ ವೇಗವಾಗಿ ಒಡೆಯುತ್ತದೆ. ತಿಳಿಗಂದಿನಿಂದ ಕಪ್ಪಿನವರೆಗಿನ ಛಾಯೆಗಳು ಹೆಚ್ಚಾಗಿ ಈ ಆಸುಪಾಸಿನ ಕಿರಿದಾದ ಅಂತರದಲ್ಲಿಯೇ ಹುಟ್ಟುತ್ತವೆ. ಆದ್ದರಿಂದ ಅತಿ ಹೆಚ್ಚು ಕಾಯುವ ಪೆನ್ ಎನ್ನುವುದು ಹೊಗಳಿಕೆಯ ಮಾತಲ್ಲ. ಕಡಿಮೆ ಕಾವಿನಲ್ಲಿ ನಿಂತು, ನಿಧಾನವಾಗಿ ಎಳೆದಾಗ ಮರವನ್ನು ಕರಕಲಾಗಿಸದೆ ಕಂದಾಗಿಸುವ ಪೆನ್ ಮಾತ್ರ ಮುಖದ ಚಿತ್ರಕ್ಕೆ, ಹಕ್ಕಿಯ ಗರಿಗೆ ಒದಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಪೆನ್‌ಗಳಲ್ಲಿ ಎರಡು ಜಾತಿಗಳಿವೆ. ಮೊದಲನೆಯದು ಗಟ್ಟಿ ಟಿಪ್ಪಿನ ಪೆನ್. ಇದರಲ್ಲಿ ಹಿಡಿಯ ಮುಂದಿನ ಕೊಳವೆಯೊಳಗೆ ಹೀಟರ್ ಸುರುಳಿ ಇರುತ್ತದೆ, ಅದರ ಕಾವು ಲೋಹದ ಮೂಲಕ ಹರಿದು, ತಿರುಪಿನಿಂದ ಕೂಡಿಸಿದ ಹಿತ್ತಾಳೆಯ ಟಿಪ್ಪಿಗೆ ಬರುತ್ತದೆ. ಐದು ನಿಮಿಷವಾದರೂ ಕಾಯಿಸದೆ ಇದರಲ್ಲಿ ಕೆಲಸ ಶುರುಮಾಡಬಾರದು. ಒಮ್ಮೆ ಕಾದ ಮೇಲೆ, ದಪ್ಪ ದೋಸೆ ಕಾವಲಿಯಂತೆ, ಲೋಹದ ತೂಕವೇ ಕಾವನ್ನು ಹಿಡಿದಿಡುತ್ತದೆ. ದಪ್ಪ ಅಕ್ಷರ, ಹೆಸರಿನ ಫಲಕ, ಅಂಚಿನ ವಿನ್ಯಾಸ, ಅಗಲವಾದ ನೆರಳು ಇವುಗಳಿಗೆ ಇದು ಸಾಕು. ಇಂಥ ಕೆಲಸಕ್ಕೆ ದುಬಾರಿ ಯಂತ್ರ ಕೊಳ್ಳುವುದು ದುಡ್ಡು ಹಾಳು. ತೊಡಕು ಬರುವುದು ಬೇರೆಡೆ. ಬೆರಳು ಹಿಡಿಯುವ ಜಾಗಕ್ಕೂ ಟಿಪ್ಪಿನ ತುದಿಗೂ ನಡುವಿನ ಅಂತರ ಹೆಚ್ಚಿರುವುದರಿಂದ ಕೈಯ ಸಣ್ಣ ನಡುಕವೂ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ವೈರಿನ ನಡುವೆ ಕೂಡಿಸಿದ ಗುಂಡಿ ತಿರುಗಿಸಿದರೆ ಕಾವು ಬದಲಾಗಲು ನಿಮಿಷಗಳೇ ಬೇಕು, ಹೀಗಾಗಿ ಒಂದೇ ಚಿತ್ರದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಿ ಮತ್ತೆ ತಿಳಿಗೆ ಬರುವುದು ತಾಳ್ಮೆ ಬೇಡುತ್ತದೆ. ಬಿಸಿಯಿದ್ದಾಗಲೇ ಇಕ್ಕಳದಿಂದ ಟಿಪ್ ಬಿಚ್ಚಿದರೆ ಮೆತ್ತಗಾದ ಹಿತ್ತಾಳೆಯ ತಿರುಪು ಸವೆಯುತ್ತದೆ. ಸವೆದ ತಿರುಪು ಸಡಿಲ, ಸಡಿಲವಾದಲ್ಲಿ ಕಾವು ದಾಟುವುದಿಲ್ಲ. ಪೆನ್ ಹಳತಾದಂತೆ ತಣ್ಣಗಾಗುತ್ತಿದೆ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ ಆಗಿರುತ್ತದೆ.

ಮನೆಯಲ್ಲಿರುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ಅದರ ಬಿಟ್, ಅಂದರೆ ಕಾಯುವ ತುದಿ, ತಾಮ್ರದ್ದಾಗಿದ್ದರೆ ಅರದಿಂದ ಉಜ್ಜಿ ಬೇಕಾದ ಆಕಾರಕ್ಕೆ ತರಬಹುದು. ಆದರೆ ಸೀಸ ಬೆರೆತ ಬೆಸುಗೆ ತಾಗಿರುವ ಬಿಟ್ ಬೇಡ. ಹೊಸ ಬಿಟ್ ಕೊಂಡು ಅದನ್ನು ಮರಕ್ಕೆಂದೇ ಬೇರೆ ಇಡಬೇಕು.

ಎರಡನೆಯ ಜಾತಿ ತಂತಿ ನಿಬ್ಬಿನ ಪೆನ್. ಇಲ್ಲಿ ನಿಬ್ ಎಂದರೆ ಬಾಗಿಸಿ, ಕೆಲವೊಮ್ಮೆ ತಟ್ಟಿ ಚಪ್ಪಟೆ ಮಾಡಿದ ನೈಕ್ರೋಮ್ ತಂತಿ, ಅಂದರೆ ಸುಮಾರು 80 ಭಾಗ ನಿಕಲ್ ಮತ್ತು 20 ಭಾಗ ಕ್ರೋಮಿಯಂ ಕೂಡಿದ ಮಿಶ್ರಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ಈ ಲೋಹ ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿಯುವುದಿಲ್ಲ. ಮನೆಯ ಟೋಸ್ಟರ್‌ನೊಳಗೂ ಇದೇ ಇರುತ್ತದೆ. ಕಾವು ಬೇರೆಡೆ ಹುಟ್ಟಿ ನಿಬ್ಬಿಗೆ ಹರಿಯುವ ಬದಲು ನಿಬ್ಬಿನಲ್ಲಿಯೇ ಹುಟ್ಟುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಬೆರಳನ್ನು ತುದಿಗೆ ಹತ್ತಿರವಿಟ್ಟು, ಬರೆಯುವ ಪೆನ್ನಿನಂತೆಯೇ ಹಿಡಿಯಬಹುದು. ಸೂಕ್ಷ್ಮ ಕೆಲಸ ಮಾಡುವ ಉದ್ದೇಶವಿದ್ದರೆ ಗಟ್ಟಿ ಟಿಪ್ಪಿನ ಮೆಟ್ಟಿಲನ್ನು ಹತ್ತದೆ ನೇರವಾಗಿ ಇದನ್ನೇ ಕೊಳ್ಳಿರಿ ಎಂದು ನಾನು ಹೇಳುತ್ತೇನೆ.

ತಂತಿ ನಿಬ್ಬಿನ ಯಂತ್ರದಲ್ಲಿ ಕೊಳ್ಳುವವರು ಗಮನಿಸದೆ ಬಿಡುವ ಭಾಗವೆಂದರೆ ಪೆನ್ನನ್ನೂ ಅದಕ್ಕೆ ಕರೆಂಟ್ ಕೊಡುವ ಪೆಟ್ಟಿಗೆಯನ್ನೂ ಕೂಡಿಸುವ ಕೇಬಲ್. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಕೆಲವೇ ವೋಲ್ಟ್‌ಗೆ ಇಳಿಸಿ, ಅದಕ್ಕೆ ಬದಲಾಗಿ ಹಲವು ಆಂಪಿಯರ್ ಕರೆಂಟ್ ಕೊಡುತ್ತದೆ. 2 ವೋಲ್ಟಿನಲ್ಲಿ 8 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳೋಣ, ಒಟ್ಟು 16 ವ್ಯಾಟ್. ದಾರಿಯಲ್ಲಿ ಎಲ್ಲೋ ಒಂದು ಕಡೆ, ಸಡಿಲ ಪ್ಲಗ್ಗಿನಲ್ಲೋ ತೆಳು ವೈರಿನಲ್ಲೋ, ಕೇವಲ 0.05 ಓಮ್ ತಡೆ ಇದ್ದರೆ 0.4 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ, 3.2 ವ್ಯಾಟ್, ಅಂದರೆ ಐದನೆಯ ಒಂದು ಪಾಲು ಕಾವು ನಿಬ್ಬಿಗೆ ಸೇರದೆ ಪ್ಲಗ್ಗನ್ನೋ ನಿಮ್ಮ ಬೆರಳ ಕೆಳಗಿನ ಹಿಡಿಯನ್ನೋ ಕಾಯಿಸುತ್ತದೆ. ಮನೆಯ 230 ವೋಲ್ಟಿನ ಲೈನಿನಲ್ಲಿ ಲೆಕ್ಕಕ್ಕೇ ಬಾರದ ತಡೆ ಇಲ್ಲಿ ಕೆಲಸವನ್ನೇ ಕೆಡಿಸುತ್ತದೆ. ಅದಕ್ಕಾಗಿ ಕೇಬಲ್ ದಪ್ಪಗಿರಬೇಕು, ವಿನಾಕಾರಣ ಉದ್ದವಿರಬಾರದು, ಮಣಿಕಟ್ಟನ್ನು ಎಳೆಯದಷ್ಟು ಮೆತ್ತಗಿರಬೇಕು. ಪರೀಕ್ಷೆ ಸುಲಭ: ಮಧ್ಯಮ ಕಾವಿನಲ್ಲಿ ಇಪ್ಪತ್ತು ನಿಮಿಷ ಕೆಲಸಮಾಡಿ, ಸ್ವಿಚ್ ಆರಿಸಿ, ಪ್ಲಗ್ಗನ್ನು ಬೆರಳಲ್ಲಿ ಮುಟ್ಟಿ ನೋಡುವುದು. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಆ ಯಂತ್ರ ಬೇಡ.

ನಿಬ್ ಬದಲಿಸಬಹುದಾದ ಪೆನ್ನಿನಲ್ಲಿ ತಂತಿಯ ಎರಡು ಕಾಲುಗಳನ್ನು ಸಣ್ಣ ಸ್ಕ್ರೂಗಳಿಂದ ಬಿಗಿಯುತ್ತಾರೆ, ನಿಬ್ ಹೊಂದಿಕೊಂಡೇ ಬರುವ ಪೆನ್ನಿನಲ್ಲಿ ಆ ಜೋಡಣೆಯೇ ಇಲ್ಲ. ಎರಡನೆಯದು ಕರೆಂಟನ್ನು ಚೆನ್ನಾಗಿ ದಾಟಿಸುತ್ತದೆ. ಆದರೆ ಪ್ರತಿ ಆಕಾರಕ್ಕೂ ಒಂದೊಂದು ಪೆನ್ ಬೇಕು. ಕೆನಡಾದ ರೇಜರ್‌ಟಿಪ್, ಅಮೆರಿಕದ ಕೋಲ್‌ವುಡ್‌ನಂಥ ಹೆಸರಾದ ತಯಾರಕರಲ್ಲಿ ಎರಡೂ ಬಗೆಯವು ಸಿಗುತ್ತವೆ. ಕಲಿಯುವ ಹಂತದಲ್ಲಿ ಬದಲಿಸುವ ಬಗೆಯೇ ಸಾಕು. ಯಾವ ಆಕಾರ ನಿಮ್ಮ ಕೈಗೆ ಹತ್ತಿತೆಂದು ಗೊತ್ತಾದ ಮೇಲೆ ಅದೊಂದನ್ನು ಮಾತ್ರ ಹೊಂದಿಕೊಂಡ ಬಗೆಯಲ್ಲಿ ಕೊಳ್ಳಬಹುದು. ಆಕಾರಗಳ ವಿಷಯದಲ್ಲಿಯೂ ಮೂರೇ ಸಾಕು: ಅಕ್ಷರಕ್ಕೂ ಬಳುಕುವ ಗೆರೆಗೂ ಉಂಡೆ ತುದಿಯದು, ನೇರ ಗೆರೆಗೂ ಕೂದಲಿಗೂ ಓರೆ ಅಂಚಿನದು, ನೆರಳಿಗೆ ಚಮಚೆಯಂತೆ ಬಾಗಿದ್ದು. ನಲವತ್ತು ಟಿಪ್‌ಗಳ ಪೆಟ್ಟಿಗೆಯಲ್ಲಿ ಉಳಿದ ಮೂವತ್ತೇಳು ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ.

ವಿದೇಶದಿಂದ ತರಿಸುವವರು ಮೊದಲು ವೋಲ್ಟೇಜ್ ವಿಚಾರಿಸಬೇಕು. ಅಮೆರಿಕ, ಕೆನಡಾಗಳ ಲೈನ್ 120 ವೋಲ್ಟ್. ಅಲ್ಲಿಗೆಂದೇ ಮಾಡಿದ ಪೆಟ್ಟಿಗೆಯನ್ನು ಇಲ್ಲಿ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಅಲ್ಲಿರುವ ನೆಂಟರು ಊರಿಗೆ ಬರುವಾಗ ತಂದುಕೊಡುವ ಉಡುಗೊರೆಗೂ ಈ ಮಾತು ಅನ್ವಯಿಸುತ್ತದೆ. ಇನ್ನು ನಮ್ಮ ಲೈನಿನ ಏರಿಳಿತ: ಸಾದಾ ಟ್ರಾನ್ಸ್‌ಫಾರ್ಮರ್ ಇರುವ ಯಂತ್ರದಲ್ಲಿ ಲೈನ್ ಎಷ್ಟು ಇಳಿಯುತ್ತದೋ ನಿಬ್ಬಿಗೆ ಸಿಗುವ ವೋಲ್ಟೇಜ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಕಾವು ಅದರ ವರ್ಗದಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಬಂದರೆ ಶಕ್ತಿ ಸುಮಾರು 76 ಪ್ರತಿಶತಕ್ಕೆ ಕುಸಿಯುತ್ತದೆ. ಹಳ್ಳಿಯಲ್ಲಿ ಪಕ್ಕದ ತೋಟದ ಪಂಪ್‌ಸೆಟ್ ಶುರುವಾದಾಗ ಗೆರೆ ಮಂಕಾಗುವುದು ಕೈಯ ದೋಷವಲ್ಲ. ಔಟ್‌ಪುಟ್ಟನ್ನು ಸ್ಥಿರವಾಗಿಡುವ ಸರ್ಕ್ಯೂಟ್ ಇರುವ ಯಂತ್ರ ಕೊಂಡರೆ ಈ ತಾಪತ್ರಯ ಕಡಿಮೆ. ಇನ್ವರ್ಟರ್ ಮೇಲೆ ಕೆಲಸ ಮಾಡುವವರಿಗೆ ಸೈನ್ ವೇವ್ ಇನ್ವರ್ಟರ್ ಇರುವುದು ಒಳ್ಳೆಯದು. ಸ್ಕ್ವೇರ್ ವೇವ್ ಮೇಲೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಗುಂಡಿಯ ಹಿಡಿತವೂ ತಪ್ಪಬಹುದು. ಲೋಹದ ಹೊರಕವಚವಿರುವ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ತಿಂಗ್ ಇರಲೇಬೇಕು.

ಕಾವಿನ ನಿಲುವನ್ನು ಕೆಡಿಸುವ ಇನ್ನೊಂದು ವಸ್ತು ಎಲ್ಲರ ತಲೆಯ ಮೇಲೆಯೇ ತಿರುಗುತ್ತಿರುತ್ತದೆ. ಸೀಲಿಂಗ್ ಫ್ಯಾನಿನ ಗಾಳಿಗೆ ತೆಳು ನಿಬ್ ಬಿಟ್ಟು ಬಿಟ್ಟು ತಣ್ಣಗಾಗಿ, ಗೆರೆ ಚುಕ್ಕೆ ಚುಕ್ಕೆಯಾಗುತ್ತದೆ. ಹಾಗೆಂದು ಫ್ಯಾನ್ ಆರಿಸಿ ಕಿಟಕಿ ಮುಚ್ಚಿ ಕುಳಿತರೆ ಹೊಗೆ ಮೂಗಿಗೆ. ಮೇಜಿನ ಆಚೆ ಬದಿಯಲ್ಲಿ ಒಂದು ಸಣ್ಣ ಫ್ಯಾನನ್ನು ಕಿಟಕಿಯ ಕಡೆಗೆ ಮುಖಮಾಡಿ ಇಟ್ಟು, ಹೊಗೆಯನ್ನು ನಿಮ್ಮಿಂದ ಆಚೆಗೆ ಸೆಳೆಯುವಂತೆ ಮಾಡುವುದು ಸರಿಯಾದ ದಾರಿ. ಎನ್95 ಮಾಸ್ಕ್ ಹೊಗೆಯ ಕಣಗಳನ್ನು ತಡೆಯುತ್ತದೆ, ಅದರಲ್ಲಿರುವ ಅನಿಲಗಳನ್ನಲ್ಲ. ಅವಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ಅಂಟಿನಿಂದ ಮಾಡುತ್ತಾರಾದ್ದರಿಂದ ಅದನ್ನು ಸುಡುವುದು ಬೇಡವೇ ಬೇಡ. ಅಗ್ಗವೆಂದು ಆಮದು ಪ್ಯಾಕಿಂಗಿನ ಪೈನ್ ಪಟ್ಟಿ ತರುವವರು ಅದರ ಮೇಲಿನ ಮುದ್ರೆ ಓದಬೇಕು: ಎಚ್‌ಟಿ ಎಂದಿದ್ದರೆ ಕಾಯಿಸಿ ಶುದ್ಧಿ ಮಾಡಿದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು, ಅದನ್ನು ಮುಟ್ಟಬಾರದು. ಚರ್ಮದ ಮೇಲೆ ಬರೆಯುವವರು ಕ್ರೋಮ್ ಹದದ ಚರ್ಮ ಬಿಟ್ಟು, ಮರದ ತೊಗಟೆಯಿಂದ ಹದಮಾಡಿದ್ದನ್ನೇ ಆರಿಸಬೇಕು.

ಪೆನ್ ಪರೀಕ್ಷಿಸಲು ಯಾವ ಮರ? ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರಕ್ಕೆ ಸಮನಾದದ್ದು ಸಿಗುವುದು ಕಷ್ಟ: ಬಿಳುಪು, ನುಣುಪು, ಎಳೆ ಒತ್ತು. ಶಿವನಿಯೂ ಆಗುತ್ತದೆ. ಬೀಟೆಯ ಕೆಚ್ಚು ಕಪ್ಪಾಗಿರುವುದರಿಂದ ಗೆರೆ ಕಾಣುವುದಿಲ್ಲ, ತೇಗದ ಎಣ್ಣೆಯಂಶ ನಿಬ್ಬಿಗೆ ಮೆತ್ತುತ್ತದೆ. ಪೈನಿನ ಉಂಗುರಗಳಲ್ಲಿ ಒಂದು ಪಟ್ಟಿ ಮೆತ್ತಗೆ, ಪಕ್ಕದ್ದು ಗಟ್ಟಿ. ಕೆಲಸಕ್ಕೆ ಇದು ಕಿರಿಕಿರಿ, ಪರೀಕ್ಷೆಗೆ ಬಹಳ ಒಳ್ಳೆಯದು. ಉಂಗುರಗಳಿಗೆ ಅಡ್ಡವಾಗಿ ಒಂದೇ ವೇಗದಲ್ಲಿ ಹತ್ತು ಸೆಂಟಿಮೀಟರ್ ಗೆರೆ ಎಳೆಯಿರಿ. ಒಳ್ಳೆಯ ಪೆನ್ನಿನ ಗೆರೆಯಲ್ಲೂ ಪಟ್ಟಿಯಿಂದ ಪಟ್ಟಿಗೆ ಬಣ್ಣ ತುಸು ಬದಲಾಗುತ್ತದೆ, ಆದರೆ ಕೊನೆಯ ಪಟ್ಟಿ ಮೊದಲಿನಷ್ಟೇ ಗಾಢವಾಗಿರುತ್ತದೆ. ದುರ್ಬಲ ಪೆನ್ನಿನಲ್ಲಿ ಗೆರೆ ಅರ್ಧ ದಾರಿಗೇ ತಿಳಿಯಾಗಿಬಿಡುತ್ತದೆ. ಅಂಗಡಿಯವರು ಬಿಟ್ಟರೆ ಅಲ್ಲಿಯೇ ಮಾಡಿ ನೋಡಿರಿ, ಆನ್‌ಲೈನ್‌ನಲ್ಲಿ ತರಿಸಿದ್ದರೆ ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡಬೇಕು. ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಅಡುಗೆ ಸೋಡಾ ಕರಗಿಸಿದ ನೀರು ಸವರಿದ ಮರದ ಮೇಲೆ ಮಿಂಚಿನ ಕವಲುಗಳನ್ನು ಮೂಡಿಸುವ ವಿಡಿಯೋಗಳನ್ನು ನೋಡಿ ಅದೂ ಪೈರೋಗ್ರಫಿಯ ಅಗ್ಗದ ದಾರಿ ಎಂದುಕೊಂಡವರಿದ್ದಾರೆ. ಅಲ್ಲಿ ಹರಿಯುವುದು 2,000 ವೋಲ್ಟಿನ ಆಸುಪಾಸು. ಅದು ಜನರನ್ನು ಕೊಂದಿದೆ, ಅಮೆರಿಕದ ಮರ ಕಡೆಯುವವರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ.

ಪೆನ್ನಿನ ಜೊತೆಗೆ ಕೊಳ್ಳಬೇಕಾದ ಸಾಮಾನು ಹೆಚ್ಚಿಲ್ಲ. ಪೆನ್ ಇಟ್ಟಾಗ ಉರುಳದಂಥ ಭಾರದ ಸ್ಟ್ಯಾಂಡ್, 220 ಮತ್ತು 320 ಗ್ರಿಟ್ಟಿನ ಸ್ಯಾಂಡ್‌ಪೇಪರ್, ಗಟ್ಟಿ ಟಿಪ್ಪಿಗೆ ಹಿತ್ತಾಳೆಯ ಬ್ರಷ್. ತಂತಿ ನಿಬ್ಬಿಗೆ ಬ್ರಷ್ಷಿಗಿಂತ ಅಡುಗೆಮನೆಯ ಸ್ಟೀಲ್ ಟೀ ಸೋಸುಕ ಮೇಲು: ಜರಡಿಯ ಮೇಲೆ ನಿಬ್ಬನ್ನು ಹಗುರವಾಗಿ ಎಳೆದರೆ ಕಟ್ಟಿದ ಕರಿ ಉದುರುತ್ತದೆ. ಈ ಕರಿ ಕಾವನ್ನು ತಡೆಯುವುದರಿಂದ, ಗೆರೆ ತಿಳಿಯಾಯಿತೆಂದು ಗುಂಡಿ ಏರಿಸುವ ಮೊದಲು ನಿಬ್ ನೋಡಿಕೊಳ್ಳಬೇಕು. ಏರಿಸಿದಷ್ಟೂ ಕರಿ ಕಟ್ಟುತ್ತದೆ, ಕಟ್ಟಿದಷ್ಟೂ ಇನ್ನೂ ಏರಿಸಬೇಕೆನಿಸುತ್ತದೆ. ಚಾಕುವಿನಿಂದ ಕೆರೆದರೆ ತಂತಿ ಒಂದೆಡೆ ತೆಳುವಾಗುತ್ತದೆ; ತೆಳುವಾದಲ್ಲಿ ತಡೆ ಹೆಚ್ಚಿ, ಅಲ್ಲಿಯೇ ಹೆಚ್ಚು ಕಾದು, ಅಲ್ಲಿಯೇ ತುಂಡಾಗುತ್ತದೆ. ಒಂದು ಬದಿ ಮಾತ್ರ ಕೆಂಪಗೆ ಕಾಯತೊಡಗಿದ ನಿಬ್ಬನ್ನು ಕೆಲಸದ ನಡುವೆ ಮುರಿಯುವವರೆಗೆ ಎಳೆಯಬಾರದು. ಹೆಚ್ಚು ಬಳಸುವ ಆಕಾರದ ಎರಡು ಹೊಸ ನಿಬ್ಬುಗಳನ್ನು ಯಂತ್ರ ಕೊಳ್ಳುವಾಗಲೇ ಜೊತೆಗೆ ಕೊಂಡಿಡಿ, ಏಕೆಂದರೆ ಅದೇ ದಪ್ಪದ ತಂತಿಯ ನಿಬ್ ಆಮೇಲೆ ಬಿಡಿಯಾಗಿ ಸಿಗುವ ಖಾತರಿಯಿಲ್ಲ.