ನೆತ್ತಿಯ ಒರಟು ಮಚ್ಚೆಗೆ ವಿಟಮಿನ್: ನುಂಗುವುದೋ, ಹಚ್ಚುವುದೋ?

ಹುತ್ತರಿ ಕಳೆದ ವಾರ ವಿರಾಜಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಒಂದು ಮಾತ್ರೆ ಡಬ್ಬಿ. ಆಸ್ಟ್ರೇಲಿಯಾದಲ್ಲಿರುವ ಮಗಳು ಕಳಿಸಿದ್ದಂತೆ. "ಡಾಕ್ಟ್ರೇ, ಇದು ಬರೀ ವಿಟಮಿನ್. ದಿನಕ್ಕೆ ಎರಡು ನುಂಗಿದ್ರೆ ತಲೆ ಮೇಲಿರೋದು ಹೋಗುತ್ತಂತೆ. ಹಾಗಿದ್ಮೇಲೆ ನೀವು ಬರ್ಕೊಟ್ಟ ಆ ಉರಿಯೋ ಮುಲಾಮು ಯಾಕೆ?" ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ಇತ್ತೀಚೆಗೆ ಇದನ್ನು ಜಾಸ್ತಿ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ನೆತ್ತಿಯಲ್ಲಿ ಕೂದಲು ಪೂರ್ತಿ ಹೋಗಿದೆ. ದೂರದಿಂದ ನೋಡಿದರೆ ಅಲ್ಲಲ್ಲಿ ತುಸು ಕೆಂಪು, ಅಷ್ಟೇ. ಆದರೆ ಬೆರಳಾಡಿಸಿದರೆ ಬಡಗಿಯ ಉಪ್ಪುಕಾಗದ ಮುಟ್ಟಿದ ಹಾಗೆ ಚರಚರ ಅನ್ನುತ್ತದೆ. ಕೆರೆದರೆ ಬಿಳಿ ಹೊಟ್ಟು ಏಳುತ್ತದೆ, ಕೆಲವು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಇದು ಆಕ್ಟಿನಿಕ್ ಕೆರಟೋಸಿಸ್. ಕಣ್ಣಿಗಿಂತ ಮೊದಲು ಬೆರಳಿಗೇ ಸಿಗುವ ಕಾಯಿಲೆ. ವರ್ಷಗಟ್ಟಲೆ ಬಿಸಿಲು ತಿಂದು ಚರ್ಮದ ಜೀವಕೋಶಗಳ ಡಿಎನ್‌ಎ ಕೆಟ್ಟಾಗ ಹೀಗಾಗುತ್ತದೆ. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಹೆಚ್ಚಿನವು ಕ್ಯಾನ್ಸರ್ ಆಗುವುದೂ ಇಲ್ಲ, ಕೆಲವು ತಾವಾಗೇ ಹೋಗಿಬಿಡುತ್ತವೆ. ಆದರೆ ಹತ್ತರಲ್ಲಿ ಯಾವುದು ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅನ್ನುವ ಚರ್ಮದ ಕ್ಯಾನ್ಸರ್ ಕಡೆ ತಿರುಗುತ್ತದೆ ಅಂತ ಮುಂಚೆಯೇ ಹೇಳುವುದಕ್ಕೆ ಆಗುವುದಿಲ್ಲ. ಹಾಗಾಗಿ ಬಿಡುವ ಹಾಗಿಲ್ಲ.

"ನಮ್ಮ ಕೊಡಗಿನಲ್ಲಿ ಬಿಸಿಲೆಲ್ಲಿ ಬಂತು?" ಅನ್ನುವವರಿದ್ದಾರೆ. ಕಪ್ಪು ಚರ್ಮದಲ್ಲಿ ಇದು ಅಪರೂಪ, ನಿಜ. ಆದರೆ ಬೆಳ್ಳಗಿರುವವರು, ವಯಸ್ಸಾದವರು, ಬದುಕೆಲ್ಲ ಹೊರಗೆ ದುಡಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ತಂಪಿಗೂ ನೇರಳಾತೀತ ಕಿರಣಕ್ಕೂ ಸಂಬಂಧವಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಎತ್ತರ ಏರಿದ ಹಾಗೆ ಆ ಕಿರಣ ಜಾಸ್ತಿಯೇ ಆಗುತ್ತದೆ. ತೆಳು ಮೋಡ ಅದನ್ನು ತಡೆಯುವುದೂ ಇಲ್ಲ. ಸುಬೇದಾರರು ಸೈನ್ಯದಲ್ಲಿ ಬಿಸಿಲು ಕಂಡವರು, ಊರಿಗೆ ಬಂದ ಮೇಲೆ ಕಾಫಿ ಒಣಗಿಸುವ ಕಾಲದಲ್ಲಿ ಬೆಳಗ್ಗಿಂದ ಸಂಜೆವರೆಗೆ ಕಣದಲ್ಲೇ ನಿಂತವರು. ತೋಟದಲ್ಲಾದರೆ ಮರದ ನೆರಳಿದೆ. ಕಣದಲ್ಲಿ ಏನಿದೆ?

ಈಗ ಡಬ್ಬಿಗೆ ಬರೋಣ. ಅದರಲ್ಲಿದ್ದದ್ದು ನಿಕೋಟಿನಮೈಡ್, ಅಂದರೆ ವಿಟಮಿನ್ ಬಿ3ಯ ಒಂದು ರೂಪ, 500 ಮಿಲಿಗ್ರಾಂ. ಮಗಳು ಸುಮ್ನೆ ಕಳಿಸಿದ್ದಲ್ಲ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯರು 386 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎರಡು ಸಲದಂತೆ ಒಂದು ವರ್ಷ ಈ ಮಾತ್ರೆ ತೆಗೆದುಕೊಂಡವರಲ್ಲಿ ಹೊಸ ಚರ್ಮ ಕ್ಯಾನ್ಸರ್ ಶೇ. 23ರಷ್ಟು ಕಡಿಮೆಯಾಯಿತು. ಬಿಸಿಲಿನಿಂದ ಕೆಟ್ಟ ಡಿಎನ್‌ಎ ರಿಪೇರಿ ಮಾಡಿಕೊಳ್ಳುವುದಕ್ಕೆ ಬೇಕಾದ ಶಕ್ತಿಯನ್ನು ಅದು ಜೀವಕೋಶಕ್ಕೆ ಒದಗಿಸುತ್ತದೆ. ಆದರೆ ಆ ಪ್ರಯೋಗದಲ್ಲಿದ್ದವರೆಲ್ಲ ಹಿಂದಿನ ಐದು ವರ್ಷದಲ್ಲಿ ಕನಿಷ್ಠ ಎರಡು ಸಲ ಚರ್ಮದ ಕ್ಯಾನ್ಸರ್ ಆದವರು. ಸುಬೇದಾರರಿಗೆ ಒಂದು ಸಲವೂ ಆಗಿಲ್ಲ. ಅವರು ಕೇಳುತ್ತಿದ್ದಂಥ ಒರಟು ಮಚ್ಚೆಗಳು ಆ ಪ್ರಯೋಗದಲ್ಲಿ ವರ್ಷದ ಕೊನೆಗೆ ಕಡಿಮೆಯಾದದ್ದು ಬರೀ ಶೇ. 13. ಮಾತ್ರೆ ನಿಲ್ಲಿಸಿದ ಮೇಲೆ ಅದರ ಲಾಭವೂ ನಿಂತಿತು.

ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ ಬಿ3 ಅಂತ ಕೇಳಿ ನಯಾಸಿನ್ ತರಬೇಡಿ. ಅದು ಬೇರೆ ರೂಪ, ಆ ಪ್ರಮಾಣದಲ್ಲಿ ತಗೊಂಡರೆ ಮುಖವೆಲ್ಲ ಕೆಂಪಾಗಿ ಬಿಸಿ ಏರುತ್ತದೆ.

ವಿಟಮಿನ್ ಎ ಕಥೆ ಇನ್ನೂ ಬೇರೆ. ದಿನಕ್ಕೆ 25,000 ಯೂನಿಟ್ ರೆಟಿನಾಲ್, ಅಂದರೆ ವಿಟಮಿನ್ ಎ, ನುಂಗಿಸಿದ ಅಮೆರಿಕದ ಪ್ರಯೋಗವೊಂದರಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ಆದರೂ ನಾನು ಬರೆದುಕೊಡುವುದಿಲ್ಲ. ಅಷ್ಟು ವಿಟಮಿನ್ ಎ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರ್ ಕೆಡಬಹುದು, ಬಸುರಿಯರು ನುಂಗಿದರೆ ಮಗುವಿಗೆ ಅಂಗದೋಷ ಬರಬಹುದು. ಹಾಗಾದರೆ ಅದನ್ನೇ ಹಚ್ಚಿದರೆ? ಅದನ್ನೂ ನೋಡಿದ್ದಾರೆ. ವಿಟಮಿನ್ ಎ ಕುಟುಂಬದ ಟ್ರೆಟಿನಾಯಿನ್ ಕ್ರೀಮನ್ನು 1131 ಜನರಿದ್ದ ಪ್ರಯೋಗದಲ್ಲಿ ಮುಖ ಮತ್ತು ಕಿವಿಗೆ ಹಚ್ಚಿಸಿ ನೋಡಿದರು, ಅವರೂ ನಮ್ಮ ಸುಬೇದಾರರ ಹಾಗೆ ಮಾಜಿ ಸೈನಿಕರೇ. ಔಷಧವಿಲ್ಲದ ಬರೀ ಕ್ರೀಮ್ ಹಚ್ಚಿದವರಿಗಿಂತ ಏನೂ ಲಾಭವಾಗಲಿಲ್ಲ. ಹಾಗಾಗಿ ಹಚ್ಚುವುದೆಲ್ಲ ಒಳ್ಳೆಯದು, ನುಂಗುವುದೆಲ್ಲ ದಂಡ ಅಂತ ಹೇಳುವ ಹಾಗಿಲ್ಲ. ಯಾವ ವಿಟಮಿನ್, ಯಾವ ರೂಪದಲ್ಲಿ, ಯಾರಿಗೆ ಅಂತ ಕೇಳಬೇಕು.

ನಾನು ಬರೆದಿದ್ದ ಉರಿಯುವ ಮುಲಾಮಿನಲ್ಲೂ ಒಂದು ವಿಟಮಿನ್ ಇದೆ, ಇದನ್ನು ಕೇಳಿ ಅವರಿಗೆ ಆಶ್ಚರ್ಯವಾಯಿತು. ಸೋರಿಯಾಸಿಸ್‌ಗೆ ಕೊಡುವ ಕ್ಯಾಲ್ಸಿಪೋಟ್ರಿಯಾಲ್ ವಿಟಮಿನ್ ಡಿಯ ಒಂದು ಕೃತಕ ರೂಪ. ಅದನ್ನು ಫ್ಲೋರೊಯುರಾಸಿಲ್ ಅನ್ನುವ ಹಳೆಯ ಔಷಧದ ಜೊತೆ ಬೆರೆಸಿ ದಿನಕ್ಕೆ ಎರಡು ಸಲ, ನಾಲ್ಕೇ ದಿನ ಹಚ್ಚುವುದು. 2017ರ ಪ್ರಯೋಗದಲ್ಲಿ ಮುಖದ ಮಚ್ಚೆಗಳು ಸರಾಸರಿ ಶೇ. 88ರಷ್ಟು ಕಡಿಮೆಯಾದವು. ಫ್ಲೋರೊಯುರಾಸಿಲ್ ಜೊತೆ ವ್ಯಾಸಲೀನ್ ಬೆರೆಸಿ ಹಚ್ಚಿದವರಲ್ಲಿ ಶೇ. 26. ಆ ವಿಟಮಿನ್ ಮಾಡುವ ಕೆಲಸ ಇಷ್ಟು: ಕೆಟ್ಟ ಕೋಶಗಳು ಇಲ್ಲಿವೆ ಅಂತ ದೇಹದ ಕಾವಲು ಕೋಶಗಳನ್ನು ಆ ಜಾಗಕ್ಕೆ ಕರೆಸುತ್ತದೆ. ಅದಕ್ಕೇ ಕೆಂಪಾಗುವುದು, ಉರಿಯುವುದು. ವಾರಕ್ಕೊಂದು ವಿಟಮಿನ್ ಡಿ ಪುಡಿ ಕುಡಿದರೆ ಈ ಕೆಲಸ ಆಗುತ್ತದೆ ಅಂದುಕೊಳ್ಳಬೇಡಿ.

ಇದನ್ನು ಬರೆದುಕೊಡುವಾಗ ನಾನು ಎಲ್ಲರಿಗೂ ಕೇಳುವ ಪ್ರಶ್ನೆ, ಮನೆಯಲ್ಲಿ ನಾಯಿ ಇದೆಯಾ? ನಮ್ಮ ಕಡೆ ನಾಯಿ ಇಲ್ಲದ ತೋಟದ ಮನೆ ಎಲ್ಲಿದೆ! ಫ್ಲೋರೊಯುರಾಸಿಲ್ ತುಸು ನೆಕ್ಕಿದರೂ ನಾಯಿ ಸಾಯಬಹುದು. ಟ್ಯೂಬನ್ನು ಬೀರುವಿನಲ್ಲಿಡಿ, ಹಚ್ಚಿದ ಕೈ ಸೋಪಿನಲ್ಲಿ ತೊಳೆಯಿರಿ, ಆ ನಾಲ್ಕು ದಿನ ನಾಯಿ ಮುಖ ನೆಕ್ಕುವುದಕ್ಕೆ ಬಿಡಬೇಡಿ. ಬಸುರಿಯರು ಈ ಮುಲಾಮು ಮುಟ್ಟಲೇಬಾರದು.

ಇನ್ನೊಂದು ಹಚ್ಚುವ ವಸ್ತು ಇದೆ, ವಿಟಮಿನ್ ಅಲ್ಲ. ಆಸ್ಟ್ರೇಲಿಯಾದ ನಂಬೂರ್ ಅನ್ನುವ ಊರಿನಲ್ಲಿ 1621 ಜನರ ಮೇಲೆ ಒಂದೇ ಪ್ರಯೋಗದಲ್ಲಿ ಎರಡನ್ನೂ ಪರೀಕ್ಷಿಸಿದರು: ನುಂಗುವುದಕ್ಕೆ ದೇಹದೊಳಗೆ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ಮಾತ್ರೆ, ಹಚ್ಚುವುದಕ್ಕೆ ಸನ್‌ಸ್ಕ್ರೀನ್. ಮಾತ್ರೆಯಿಂದ ಏನೂ ಆಗಲಿಲ್ಲ. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಸುಮಾರು ಶೇ. 40 ಕಡಿಮೆಯಾಯಿತು. ಕಣಕ್ಕೆ ಹೋಗುವಾಗ ಅಗಲ ಅಂಚಿನ ಟೋಪಿ, ಕಿವಿಗೂ ನೆತ್ತಿಗೂ ಸನ್‌ಸ್ಕ್ರೀನ್ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಸುಬೇದಾರರಿಗೆ ಡಬ್ಬಿ ಪಕ್ಕಕ್ಕಿಡಿ, ನೆತ್ತಿಗೂ ಹಣೆಗೂ ಮುಲಾಮು ಹಚ್ಚಿ ಅಂದೆ. ಆದರೆ ಬಲಗಿವಿಯ ತುದಿಯಲ್ಲಿದ್ದದ್ದು ಬೇರೆ ಥರ ಇತ್ತು. ಬುಡ ದಪ್ಪ, ಹಿಚುಕಿದರೆ ನೋವು, ಎರಡು ತಿಂಗಳಲ್ಲಿ ಬೆಳೆದಿದೆ ಅಂದರು. ಅದಕ್ಕೆ ಮಾತ್ರೆಯೂ ಇಲ್ಲ, ಮುಲಾಮೂ ಇಲ್ಲ. ಅವತ್ತೇ ಕಿವಿ ಮರಗಟ್ಟಿಸಿ ಚೂರು ತೆಗೆದು, ಕ್ಯಾನ್ಸರ್ ಇದೆಯಾ ಅಂತ ನೋಡಲು ಬಯಾಪ್ಸಿಗೆ ಕಳಿಸಿದೆ.